ಮೇಲೂ ನಾವೇ

ತಲೆಯ ಮೇಲೆ, ಮಹಡಿಯ ಮನೆಯಲ್ಲಿ, ದೋನಾ ಅಲ್ಜೀರಾ ನಡೆದಾಡುತ್ತಿದ್ದಳು. ಎಡಗಾಲಿನ ಚಪ್ಪಲಿ ಎಳೆಯುವ ಸದ್ದು, ಬಕೆಟ್ಟು ನೆಲಕ್ಕೆ ಕುಕ್ಕಿದ ಸದ್ದು, ಆಮೇಲೆ ಏನೂ ಇಲ್ಲ. ಹಾಸಿಗೆಯಲ್ಲಿ ಕಣ್ಣು ಮುಚ್ಚಿಕೊಂಡೇ ಇದ್ದ ಜುಸ್ಸಾರಾಗೆ ಆ ಏನೂ ಇಲ್ಲದ ಹೊತ್ತಿನಲ್ಲಿ ಅವಳೇನು ಮಾಡುತ್ತಿದ್ದಾಳೆಂದು ಗೊತ್ತಿತ್ತು. ಒದ್ದೆ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು, ಹಿನ್ನೀರಿನ ಕಡೆ ಮುಖ ಮಾಡಿ, ಗಾಳಿ ಎತ್ತಣಿಂದ ಬರುತ್ತಿದೆಯೆಂದು ನೋಡುತ್ತಿದ್ದಾಳೆ. ಇವತ್ತೂ ಬಟ್ಟೆ ಒಗೆದಿದ್ದಾಳೆ. ಆ ಬಟ್ಟೆ ಒಣಗುವ ಹೊತ್ತಿಗೆ ಅದನ್ನು ಕಟ್ಟಿದ ಹಗ್ಗವೂ ಹಗ್ಗ ಕಟ್ಟಿದ ಗೋಡೆಯೂ ಇರುವುದಿಲ್ಲವೆಂಬುದು ಅವಳಿಗೆ ಗೊತ್ತಿಲ್ಲ. ಹೇಳಬೇಕಾದವಳು ತಾನು. ಜುಸ್ಸಾರಾ ಹೊದಿಕೆಯನ್ನು ತಲೆಯ ಮೇಲೆ ಎಳೆದುಕೊಂಡಳು. ಹೊರಗೆ ಯಂತ್ರಗಳು ಶುರುವಾದವು. ಕ್ರೀಡಾಂಗಣದ ಕಡೆಯಿಂದ ಬರುವ ಆ ಗುಡುಗುಡು ಈಗ ಹುಂಜದ ಕೂಗಿನಷ್ಟೇ ರೂಢಿಯಾಗಿಬಿಟ್ಟಿತ್ತು. ಭಾನುವಾರ ಅದು ಕೇಳದಿದ್ದರೆ ವಿಲಾ ಗಾರ್ಸಾ ಎಂಬ ಆ ಕೇರಿಯ ನಾಯಿಗಳಿಗೂ ದಿಗಿಲು.

ಅಡುಗೆಮನೆಯಲ್ಲಿ ಅಮ್ಮ ದಾಲ್ವಾ ಪಾತ್ರೆಗಳನ್ನು ಹಳೆಯ ಚಾದರದಲ್ಲಿ ಗಂಟು ಕಟ್ಟುತ್ತಿದ್ದಳು. ಮಂಡಿ ಬಗ್ಗದ್ದರಿಂದ ಕಾಲು ನೀಡಿಕೊಂಡು ನೆಲದ ಮೇಲೆ ಕೂತು, ಹಲ್ಲಿನಿಂದ ಗಂಟನ್ನು ಎಳೆಯುತ್ತಿದ್ದಳು.

"ಕಾಫಿ ಸೋಸೋ ಬಟ್ಟೇನೂ ಗಂಟೊಳಗೆ ಸೇರ್ಕೊಂಡ್ಬಿಡ್ತು. ಇವತ್ತು ಕಾಫಿ ಇಲ್ಲ" ಎಂದಳು.

"ಅಮ್ಮಾ, ದೋನಾಗೆ ನೀನೇ ಹೇಳ್ಬಿಡು."

"ಗಾಡಿ ಬರ್ಲಿ. ಸಾಮಾನು ಏರಿಸುವಾಗ ಹೇಳಿದ್ರಾಯ್ತು. ಈಗ ಹೇಳಿದ್ರೆ ಅಗಳಿ ಹಾಕ್ಕೊಂಡು ಕೂತ್ಬಿಡ್ತಾಳೆ. ಅವಳ ಹಟ ನಂಗೊತ್ತಿಲ್ವಾ?"

"ತಮ್ಮ ಮನೇನೂ ಅಳೆಯೋಕೆ ಬರ್ತಾರೆ ಅಂತ ಕಾಯ್ತಿದ್ದಾರಮ್ಮ ಅವ್ರು."

"ನಮ್ಮ ಜೊತೆ ಬರ್ತಾಳೆ. ಹೊಸ ಫ್ಲ್ಯಾಟಲ್ಲಿ ಎರಡು ಕೋಣೆ ಇದೆ. ನಿನ್ನ ಕೋಣೇಲಿ ಮಲಗ್ತಾಳೆ. ನಿನ್ನ ಎತ್ತಿ ಆಡಿಸಿದೋಳನ್ನ ಬೀದೀಲಿ ಬಿಡ್ತೀನಾ ನಾನು?" ದಾಲ್ವಾ ಗಂಟನ್ನು ಪಕ್ಕಕ್ಕೆ ತಳ್ಳಿದಳು. ಆಮೇಲೆ ದನಿ ಇಳಿಸಿ, ಮಗಳ ಮುಖ ನೋಡದೆ, "ಒಂದೇ ಮನೆ ಅಂದಿದ್ದು ಯಾರು? ನಾನಾ?" ಎಂದಳು.

ಇಲ್ಲ, ಅಮ್ಮನಲ್ಲ. ನಗರಸಭೆಯಿಂದ ಮನೆ ಅಳೆಯುವವರು ಬಂದಾಗ ಮನೆಯಲ್ಲಿದ್ದವಳು ಜುಸ್ಸಾರಾ ಒಬ್ಬಳೇ. ಅಮ್ಮ ನೀರಿನ ಗಾಡಿಯ ಸಾಲಿನಲ್ಲಿದ್ದಳು, ಅಲ್ಜೀರಾ ಗೋಡೆಗೆ ಹಚ್ಚಲು ಸುಣ್ಣ ತರಲು ಹೋಗಿದ್ದಳು. ಊರಿಗೆ ಊರೇ ಒಡೆದು ಬೀಳುತ್ತಿರುವಾಗ ಸುಣ್ಣ. ಜಾಕೆಟ್ಟು ತೊಟ್ಟ ಒಬ್ಬ ಬಾಗಿಲಲ್ಲಿ ನಿಂತು ವಿದ್ಯುತ್ತಿನ ಮೀಟರನ್ನು ನೋಡಿದ, ಅದರಿಂದ ಹೊರಟು ಗೋಡೆಯ ಬಿರುಕಿನೊಳಗಿಂದ ಮೇಲಕ್ಕೆ ಹತ್ತಿದ ತಂತಿಯನ್ನು ನೋಡಿದ, ಕತ್ತೆತ್ತಿ ಮೆಟ್ಟಿಲು ನೋಡಿದ. "ಮೇಲೆ ಯಾರು?" ಎಂದು ಕೇಳಿದ. ಅವನ ಮಾತು ಮುಗಿಯುವುದರೊಳಗೆ ಅವಳ ಬಾಯಿಂದ ಉತ್ತರ ಬಂದುಬಿಟ್ಟಿತ್ತು. "ಮೇಲೂ ನಾವೇ. ಒಂದೇ ಮನೆ." ಎಷ್ಟು ಸರಾಗವಾಗಿ ಬಂತೆಂದರೆ, ಗಂಡಸರೆದುರು ಬಾಯಿಯೇ ಬಿಡದ ತಾನೇ ಅದನ್ನು ಹೇಳಿದ್ದೆಂದು ಅವಳಿಗೆ ಒಂದು ಗಳಿಗೆ ಹೆಮ್ಮೆಯೂ ಆಯಿತು. ಅವನು ತಲೆಯಾಡಿಸಿ ಹೊರಗಿನ ಗೋಡೆಗೆ ಬಣ್ಣದಲ್ಲಿ ಒಂದು ಗುರುತು ಹಾಕಿ ಹೋದ. ಒಂದು ಮನೆಗೆ ಒಂದು ಗುರುತು, ಒಂದು ಗುರುತಿಗೆ ಹೊಸ ಫ್ಲ್ಯಾಟಿನ ಒಂದು ಬೀಗದ ಕೈ.

ಆ ಉತ್ತರವನ್ನು ಕಲಿಸಿದವಳು ಅಲ್ಜೀರಾಳೇ. ವಿಲಾ ಗಾರ್ಸಾದಲ್ಲಿ ಮೇಲಿನ ಮನೆಗೆ ಯಾರೂ ಬೇರೆ ಮೀಟರು ಹಾಕಿಸುತ್ತಿರಲಿಲ್ಲ. ಕೆಳಗಿನವರ ತಂತಿಯಿಂದಲೇ ಮೇಲಿನ ದೀಪ, ಮೇಲಿನ ಇಸ್ತ್ರಿಪೆಟ್ಟಿಗೆ, ಮೇಲಿನ ರೇಡಿಯೋ. ವಿದ್ಯುತ್ತಿನವನು ಬಂದು ಕೇಳಿದರೆ ಓಣಿಯ ಮಕ್ಕಳೆಲ್ಲ ಹೇಳುವುದು ಒಂದೇ ಮಾತು. ದಾಲ್ವಾ ಆಗ ಸಮುದ್ರದ ಕಡೆಯ ಯಾರದೋ ಮನೆಯಲ್ಲಿ ಅಡುಗೆಗಿದ್ದು ಅಲ್ಲೇ ಮಲಗುತ್ತಿದ್ದಳು, ಭಾನುವಾರಕ್ಕೊಮ್ಮೆ ಬರುತ್ತಿದ್ದಳು. ಉಳಿದ ದಿನಗಳೆಲ್ಲ ಜುಸ್ಸಾರಾ ಮೇಲೆಯೇ. ಅಲ್ಜೀರಾ ಸತ್ತ ಗಂಡನ ಟೋಪಿಯನ್ನು ತಲೆಗಿಟ್ಟು, ಹೊಟ್ಟೆ ಮುಂದೆ ಮಾಡಿ, ಮೆಟ್ಟಿಲ ಮೇಲೆ ದಪದಪ ಹತ್ತಿ ಬಂದು, "ಏಯ್ ಹುಡುಗಿ, ಮೇಲೆ ಯಾರಿರೋದು?" ಎಂದು ಗುಡುಗುತ್ತಿದ್ದಳು. ಜುಸ್ಸಾರಾ ನಕ್ಕುಬಿಟ್ಟರೆ ಸೋತಂತೆ. ನಗದೆ ಹೇಳಿದರೆ ಸೀಬೆಹಣ್ಣಿನ ಮಿಠಾಯಿಯ ಒಂದು ತುಂಡು. ಶಾಲೆಯಲ್ಲಿ ಟೀಚರು ಎಬ್ಬಿಸಿ ಪ್ರಶ್ನೆ ಕೇಳಿದರೆ ಬಾಯಿ ಕಟ್ಟಿ ಉಗುರು ಕಚ್ಚುತ್ತಿದ್ದ ಹುಡುಗಿ ಇದೊಂದು ಪಾಠವನ್ನು ಮಾತ್ರ ತೊದಲದೆ ಒಪ್ಪಿಸುತ್ತಿದ್ದಳು. ಶಾಲೆ ಅರ್ಧಕ್ಕೇ ಬಿಟ್ಟುಹೋಯಿತು. ಪಾಠ ಉಳಿಯಿತು. ಎಲ್ಲಿ ಉಳಿಯಿತು, ನಾಲಗೆಯಲ್ಲೇ? ನಾಲಗೆ ತನ್ನದಾದರೆ ಅದರ ಮಾತೂ ತನ್ನದೇ ಅಲ್ಲವೇ? ಅಳೆಯುವವನು ಓಣಿಯ ತಿರುವು ದಾಟುವ ಮುಂಚೆಯೇ ತಪ್ಪು ಅವಳಿಗೆ ಹೊಳೆದಿತ್ತು. ಓಡಿ ಹೋಗಿ ಕೂಗಬಹುದಿತ್ತು. ಕಾಲಿಗೆ ಚಪ್ಪಲಿ ಇರಲಿಲ್ಲ, ಜಾಕೆಟ್ಟಿನವನ ಹೆಸರೂ ಗೊತ್ತಿರಲಿಲ್ಲ, ಹಿಂದಿನಿಂದ ಕೂಗಿದರೆ ಓಣಿಯವರೆಲ್ಲ ತಿರುಗಿ ನೋಡುತ್ತಾರೆ ಎನ್ನಿಸಿತು. ಇಂಥ ಕಾರಣಗಳಿಗೆಲ್ಲ ಒಬ್ಬಳ ಮನೆ ಹೋಗಬಹುದೆಂದು ಯಾರಾದರೂ ನಂಬುತ್ತಾರೆಯೇ?

ಕೆಲಸದ ಚೀಲ ಹೆಗಲಿಗೇರಿಸಿ ಅವಳು ಮೆಟ್ಟಿಲು ಹತ್ತಿದಳು. ಅಲ್ಜೀರಾ ಬಟ್ಟೆಯ ಕ್ಲಿಪ್ಪುಗಳನ್ನು ತುಟಿಯಲ್ಲಿ ಕಚ್ಚಿಕೊಂಡು ಹಳದಿ ಚಾದರವೊಂದನ್ನು ಜಾಡಿಸುತ್ತಿದ್ದಳು.

"ಚೆನ್ನಾಗಿ ಹಿಡಿ ಆ ಕಡೆ. ನಿಮ್ಮಮ್ಮ ಬೆಳಿಗ್ಗೆಯಿಂದ ಪಾತ್ರೆ ಕುಟ್ತಾ ಇದಾಳಲ್ಲ. ಮದುವೆ ಹೆಣ್ಣಿಗಿಂತ ಆತುರ ಅವಳಿಗೆ."

"ದೋನಾ…"

"ಅಳೆಯೋರು ಬಂದ್ರೆ ನನ್ನ ಕೂಗು, ಆಯ್ತಾ? ಗೋಡೆಗೆ ಸುಣ್ಣ ಆಗಿದೆ, ನೋಡಿದ್ಯಾ? ಅಳೆಯೋನು ಒಳಗೆ ಬಂದ ಕೂಡ್ಲೆ ಇದು ಮನುಷ್ಯರಿರೋ ಮನೆ ಅಂತ ಗೊತ್ತಾಗ್ಬೇಕು."

"ಅವರು… ಒಂದ್ವೇಳೆ ಬರ್ದೇ ಇದ್ರೆ?"

ಅಲ್ಜೀರಾ ನಕ್ಕಳು. ಕ್ಲಿಪ್ಪು ತುಟಿಯಿಂದ ಜಾರಿತು. "ಬರ್ದೇ ಇದ್ರೆ ಕೆಳಗಡೆ ಹೆಂಗೆ ಒಡೀತಾರೆ ಹುಚ್ಚಿ? ನನ್ನನ್ನ ಗಾಳೀಲಿ ನಿಲ್ಲಿಸ್ತಾರಾ? ಹಂಗೇನಾದ್ರೂ ನಿಂತ್ರೆ ನನಗೇ ಪದಕ ಕೊಡ್ಬೇಕಾಗತ್ತೆ ಅವರು."

ಜುಸ್ಸಾರಾ ಕೂಡ ನಕ್ಕಳು. ನಕ್ಕದ್ದಕ್ಕೆ ತನ್ನ ಮೇಲೇ ಹೇಸಿಗೆಯಾಯಿತು. "ಬಸ್ಸಿಗೆ ಹೊತ್ತಾಯ್ತು" ಎಂದು ಇಳಿದುಬಿಟ್ಟಳು.

ಕೆಳಗೆ ಓಣಿಯೆಂಬುದು ಈಗ ಇರಲಿಲ್ಲ. ಪಕ್ಕದ ಸೆವೆರೀನೊನ ಮನೆ ಕಳೆದ ವಾರ ಬಿದ್ದಿತ್ತು. ಕೈಗೆ ಬೀಗದ ಕೈ ಕೊಟ್ಟ ಗಳಿಗೆಯಲ್ಲೇ ಒಡೆಯುವುದು ನಗರಸಭೆಯವರ ಪದ್ಧತಿ. ಬಿಟ್ಟರೆ ಇನ್ಯಾರಾದರೂ ಬಂದು ಸೇರಿಕೊಳ್ಳುತ್ತಾರಂತೆ. ಅವನ ಗೋಡೆಗೆ ಇವರ ಗೋಡೆ ಅಂಟಿಕೊಂಡಿದ್ದರಿಂದ ಅವನ ಬಚ್ಚಲಿನ ನೀಲಿ ಟೈಲುಗಳು ಇವರ ಮನೆಯ ಹೊರಮೈಗೆ ಹಾಗೇ ಉಳಿದುಕೊಂಡಿದ್ದವು, ಸೋಪಿಡುವ ಗೂಡಿನ ಸಮೇತ. ಹಾದುಹೋಗುವ ಲಾರಿಯವರೆಲ್ಲ ಅದನ್ನು ನೋಡುತ್ತಿದ್ದರು. ಆ ಬಚ್ಚಲಲ್ಲಿ ತಾನೆಂದೂ ನಿಂತವಳಲ್ಲದಿದ್ದರೂ, ಅದರ ಮುಂದೆ ಹಾಯುವಾಗ ಜುಸ್ಸಾರಾ ರವಿಕೆಯ ಗುಂಡಿಯನ್ನು ಮುಟ್ಟಿ ನೋಡಿಕೊಳ್ಳುತ್ತಿದ್ದಳು. ರಿಯೋಗೆ ಒಲಿಂಪಿಕ್ಸ್ ಬರುತ್ತದೆಂದು ಮೊದಲು ಸುದ್ದಿಯಾದಾಗ ಇದೇ ಓಣಿಯಲ್ಲಿ ಪಟಾಕಿ ಹೊಡೆದಿದ್ದರು. ಸೆವೆರೀನೊ ಹಿನ್ನೀರಿನ ಮೊಸಳೆಗಳಿಗೂ ಈಜಿನ ಸ್ಪರ್ಧೆಯಲ್ಲಿ ಹೆಸರು ಕೊಡಿಸುತ್ತೇನೆಂದು ಕುಣಿದಿದ್ದ. ಅಲ್ಜೀರಾ ಕ್ರೀಡಾಪಟುಗಳ ಬಟ್ಟೆ ಒಗೆಯಲು ಹೆಂಗಸರು ಬೇಕಾಗುತ್ತಾರೆಂದು ಲೆಕ್ಕ ಹಾಕಿದ್ದಳು. "ಜಗತ್ತಿನ ಬೆವರೆಲ್ಲ ನನ್ನ ಬಕೆಟ್ಟಿಗೇ" ಎಂದಿದ್ದಳು. ಅವತ್ತು ಯಾರೂ ಸುಳ್ಳು ಹೇಳಿರಲಿಲ್ಲ, ಯಾರಿಗೂ ನಿಜ ಗೊತ್ತಿರಲಿಲ್ಲ.

ಜುಸ್ಸಾರಾ ಉಗುರಿನ ಕೆಲಸ ಮಾಡುವವಳು. ಹೆಂಗಸರ ಮನೆಗಳಿಗೆ ಹೋಗಿ, ಗಿಡ್ಡ ಸ್ಟೂಲಿನ ಮೇಲೆ ಕೂತು, ಅವರ ಕೈಯನ್ನು ಮಡಿಲ ಟವೆಲಿನ ಮೇಲಿಟ್ಟುಕೊಂಡು, ಉಗುರಿನ ಬುಡದ ಚರ್ಮ ತೆಗೆದು ಬಣ್ಣ ಹಚ್ಚುವುದು. ಕಣ್ಣೆತ್ತಿ ನೋಡಬೇಕಾಗಿಲ್ಲ, ಮಾತಾಡಬೇಕಾಗಿಲ್ಲ. ಅದಕ್ಕೇ ಅವಳಿಗೆ ಈ ಕೆಲಸ ಹಿಡಿಸಿದ್ದು. ಕೈಗಳು ಎಲ್ಲ ಹೇಳುತ್ತಿದ್ದವು. ಹಿರಿಯ ಹೆಂಗಸರನ್ನೆಲ್ಲ ದೋನಾ ಎನ್ನುವುದು ಅಲ್ಲಿನ ರೂಢಿ; ದೋನಾ ಎಲೋವಾಳ ಕೈ ಇವತ್ತು ಬೆಚ್ಚಗೆ, ಸಡಿಲಾಗಿ, ನಿದ್ದೆಯಿಂದೆದ್ದ ಬೆಕ್ಕಿನ ಹಾಗಿತ್ತು. ಅವಳ ಬಹುಮಹಡಿ ಮನೆಯ ಮೊಗಸಾಲೆಯಿಂದ ಹಿನ್ನೀರು ಪೂರ್ತಿ ಕಾಣುತ್ತಿತ್ತು. ಕೆಮ್ಮಣ್ಣಿನ ಬಯಲು, ಬಿಳಿಯ ಕ್ರೀಡಾಂಗಣಗಳು, ನಡುವೆ ಯಾರೋ ಒರೆಸಲು ಮರೆತ ಕಲೆಯಂತೆ ಉಳಿದ ನಾಲ್ಕಾರು ಮನೆಗಳು. ಅವುಗಳಲ್ಲೊಂದರ ಮೇಲೆ ಹಳದಿಯ ಚುಕ್ಕೆ.

"ಅಲ್ಲಿ ಯಾರೋ ಪುಣ್ಯಾತ್ಮರು ಇನ್ನೂ ಬಟ್ಟೆ ಒಣಗಿಸ್ತಾರೆ ನೋಡು" ಎಂದಳು ಎಲೋವಾ. "ನಾನು ದಿನಾ ನೋಡ್ತೀನಿ. ಅದು ಈ ಕಡೆ ಹಾರಿದ್ರೆ ಹಿನ್ನೀರಿನ ನಾತ ನಮ್ಮ ಕಡೆ ಬರತ್ತೆ ಅಂತ ಅರ್ಥ. ಆಗ ಕಿಟಕಿ ಹಾಕ್ತೀನಿ."

"ಹೂಂ."

"ಎಲ್ಲರಿಗೂ ಹೊಸ ಫ್ಲ್ಯಾಟು ಕೊಟ್ಟಿದಾರಂತೆ, ಟೀವೀಲಿ ಬಂತು. ಈಜುಕೊಳ ಬೇರೆ ಇದೆಯಂತೆ. ಆದ್ರೂ ಹೋಗಲ್ಲ ಕೆಲವರು. ನಿಂದು ಎಲ್ಲಿ ಮನೆ, ಮರಿ? ಯಾವತ್ತೂ ಹೇಳೇ ಇಲ್ಲ."

"ಇಲ್ಲೇ… ಹತ್ರ."

"ಹತ್ರ ಅಂದ್ರೆ?"

"ಬಸ್ಸಲ್ಲಿ ಬರ್ತೀನಿ" ಎಂದಳು ಜುಸ್ಸಾರಾ. ಅದು ಉತ್ತರವಲ್ಲವೆಂದು ಎಲೋವಾಗೆ ಗೊತ್ತಾಯಿತು, ಗೊತ್ತಾದದ್ದು ಅವಳ ಬೆರಳಿಗೂ ಬಂತು. ಬೆರಳು ಸ್ವಲ್ಪ ಬಿಗಿಯಾಯಿತು. ಹೇಳಿದ್ದರೆ ಏನಾಗುತ್ತಿತ್ತು? ಆ ಚಾದರ ನಮ್ಮದು ಎಂದು, ಇಲ್ಲ, ನಮ್ಮದಲ್ಲ, ದೋನಾ ಅಲ್ಜೀರಾಳದು, ಅದು ಬೇರೆ ಮನೆ ಎಂದು, ಏನೂ ಸಂಬಂಧವಿಲ್ಲದ ಈ ಹೆಂಗಸಿನ ಹತ್ತಿರವಾದರೂ ಒಮ್ಮೆ ಬಾಯಿಬಿಟ್ಟು ಹೇಳಿ ಅಭ್ಯಾಸ ಮಾಡಿಕೊಳ್ಳಬಹುದಿತ್ತು. ಆ ತಾರಸಿ ಹಾಕಿದ ದಿನ ಅವಳ ಕಣ್ಣಿಗೆ ಬಂತು. ಕೆಳಗಿನವರು ತಮ್ಮ ನೆತ್ತಿಯ ಮೇಲಿನ ಜಾಗವನ್ನು ಬರೀ ಮಾತಿನ ಮೇಲೆ ಕೊಡುವುದು, ಮೇಲೆ ಬರುವವರು ಅಲ್ಲಿ ಮನೆ ಕಟ್ಟಿಕೊಳ್ಳುವುದು, ಅಲ್ಲಿ ಎಲ್ಲರೂ ಮಾಡುವುದೇ. ಕಾಂಕ್ರೀಟು ಕಲೆಸಿದ ಮೇಲೆ ನಿಲ್ಲಿಸುವಂತಿಲ್ಲ. ಓಣಿಯೆಲ್ಲ ಡಬ್ಬಿ ಹಿಡಿದು ಸಾಲಾಗಿ ನಿಂತಿತ್ತು. ಕೈಯಿಂದ ಕೈಗೆ, ಹೆಗಲಿಂದ ಹೆಗಲಿಗೆ. ಅಲ್ಜೀರಾ ಹಂದಿಮಾಂಸ ಹಾಕಿದ ಕಪ್ಪು ಬೀನ್ಸನ್ನು ದೊಡ್ಡ ಹಂಡೆಯಲ್ಲಿ ಬೇಯಿಸಿ ಎಲ್ಲರಿಗೂ ಬಡಿಸಿದ್ದಳು. ಸಂಜೆ ಹಸಿ ತಾರಸಿಯ ಅಂಚಿನಲ್ಲಿ ಕೂತು, "ಯಾರದೋ ಮನೆ ಬಟ್ಟೆ ಒಗೀತಾ ಮುದುಕಿಯಾದೆ. ಇನ್ನು ನನ್ನ ಬಾಗಿಲು ತಟ್ಟಿ ಒಳಗೆ ಬರ್ಬೇಕು ಎಲ್ಲರೂ" ಎಂದಿದ್ದಳು. ತಾನು ಅಮ್ಮನ ಜೊತೆ ಹೋಗಿ ತನ್ನ ಕೋಣೆಯಲ್ಲಿ ಅವಳಿಗೊಂದು ಹಾಸಿಗೆ ಹಾಸಿಕೊಟ್ಟರೆ, ಅವಳು ಮಲಗುತ್ತಾಳೆ ನಿಜ. ಎದ್ದು ಕಾಫಿ ಕುಡಿಯುವ ಮುಂಚೆ ಅಪ್ಪಣೆಗೆಂಬಂತೆ ದಾಲ್ವಾಳ ಮುಖ ನೋಡುತ್ತಾಳೆ. ಅಲ್ಜೀರಾ ಬರಲು ಒಪ್ಪಲಿ ಎಂದು ತಾನು ಹಾರೈಸುತ್ತಿರುವುದು ಅವಳಿಗಾಗಿ ಅಲ್ಲ, ತನ್ನ ಮಾತು ನಿಜವಾಗಿಬಿಡಲಿ ಎಂದು. ಮೇಲೂ ನಾವೇ ಆಗಿಬಿಟ್ಟರೆ ಹೇಳಿದ್ದು ಸುಳ್ಳಾಗುವುದಿಲ್ಲ.

"ಅಯ್ಯೋ!" ಎಲೋವಾ ಕೈ ಎಳೆದುಕೊಂಡಳು. ಉಗುರಿನ ಬುಡದಲ್ಲಿ ರಕ್ತದ ಹನಿ. "ಎಲ್ಲಿದೆ ನಿನ್ನ ಗ್ಯಾನ? ಯಾವನದ್ದೋ ಯೋಚನೆ ಇರ್ಬೇಕು."

"ಕ್ಷಮಿಸಿ" ಎನ್ನುತ್ತ ಜುಸ್ಸಾರಾ ಹತ್ತಿ ಒತ್ತಿದಳು. ಕಣ್ಣೆತ್ತಿದಾಗ ದೂರದ ಹಳದಿ ಚುಕ್ಕೆಯ ಪಕ್ಕ ಇನ್ನೊಂದು ಹಳದಿ ಬಂದು ನಿಂತಿತ್ತು. ದೊಡ್ಡದು, ಮನೆ ಒಡೆಯುವ ಕಬ್ಬಿಣದ ಕೊಕ್ಕು ಇರುವಂಥದು. ಒಡೆಯಲು ಮಧ್ಯಾಹ್ನ ಬರುತ್ತೇವೆ ಎಂದಿದ್ದರು. ಇನ್ನೂ ಮಧ್ಯಾಹ್ನವಾಗಿರಲಿಲ್ಲ.

ಒಂದು ಕೈಗೆ ಬಣ್ಣ ಹಚ್ಚದೆಯೇ ಅವಳು ಎದ್ದುಬಿಟ್ಟಳು. ಹಿಂದಿನಿಂದ ಎಲೋವಾ ಏನೋ ಕೂಗುತ್ತಿದ್ದಳು, ಲಿಫ್ಟಿನ ಬಾಗಿಲು ಅದನ್ನು ಕತ್ತರಿಸಿತು. ವಿಲಾ ಗಾರ್ಸಾದ ಬಸ್ ನಿಲ್ದಾಣವನ್ನು ತೆಗೆದುಹಾಕಿ ತಿಂಗಳುಗಳಾಗಿದ್ದವು. ಮುಂದಿನದರಲ್ಲಿ ಇಳಿದು, ತಗಡಿನ ಬೇಲಿಯ ಉದ್ದಕ್ಕೂ ಹಿಂದಕ್ಕೆ ನಡೆಯಬೇಕು. ಬೇಲಿಯ ಮೇಲೆ ಓಡುವವರ, ಹಾರುವವರ ಚಿತ್ರಗಳು. ಒಬ್ಬೊಬ್ಬರ ಪಾದವೂ ಒಂದೊಂದು ಮನೆಯಷ್ಟು. ಜುಸ್ಸಾರಾ ಓಡಿದಳು. ಚೀಲದೊಳಗೆ ಬಣ್ಣದ ಶೀಶೆಗಳು ಒಂದಕ್ಕೊಂದು ಬಡಿದವು. ಏನು ಹೇಳಬೇಕೆಂದು ಓಡುತ್ತಲೇ ಜೋಡಿಸಿಕೊಂಡಳು, ಜೋಡಿಸಿದ್ದು ಹೆಜ್ಜೆಗೊಂದರಂತೆ ಉದುರಿತು. ಯಾರೋ ಕಾವಲಿನವನು "ಏನಮ್ಮ, ಅಭ್ಯಾಸ ಮಾಡ್ತಿದೀಯಾ? ಹೆಸ್ರು ಕೊಟ್ಟಿದೀಯಾ?" ಎಂದು ನಕ್ಕ.

ಮನೆಯ ಮುಂದೆ ಸಾಮಾನಿನ ಗಾಡಿ ನಿಂತಿತ್ತು. ಮಂಚ, ಗಂಟು, ಫ್ರಿಜ್ಜು ಆಗಲೇ ಏರಿದ್ದವು. ದಾಲ್ವಾ ಎರಡೂ ಕೈಯಲ್ಲಿ ಟೀವಿಯನ್ನು ತಬ್ಬಿಕೊಂಡು ನಿಂತಿದ್ದಳು. ಅದೇ ಜಾಕೆಟ್ಟಿನವನೂ ಇದ್ದ, ಅವನ ಬೆರಳಿಗೆ ಸಿಕ್ಕಿಸಿದ ಉಂಗುರದಲ್ಲಿ ಹೊಸ ಬೀಗದ ಕೈ ತೂಗಾಡುತ್ತಿತ್ತು. ಯಂತ್ರ ಉಸಿರಾಡುತ್ತಿತ್ತು. ಮೆಟ್ಟಿಲ ಅರ್ಧದಲ್ಲಿ ಅಲ್ಜೀರಾ, ತಲೆಗೆ ಒಗೆದ ವಸ್ತ್ರ ಕಟ್ಟಿಕೊಂಡು, ಅತಿಥಿ ಬಂದರೆಂಬ ಮುಖದಲ್ಲಿ.

"ಮೇಲೆ ಪೂರ್ತಿ ಖಾಲಿ ಆಯ್ತಾ?" ಅವನು ಕೇಳಿದ.

"ಆಗತ್ತೆ ಸ್ವಾಮಿ, ಈಗ್ಲೇ ಆಗತ್ತೆ" ಎಂದಳು ದಾಲ್ವಾ.

ಅವನು ಮೀಟರು ನೋಡಿದ, ತಂತಿ ನೋಡಿದ, ಹಣೆ ಒರೆಸಿಕೊಂಡ. ಕೆಟ್ಟ ಮನುಷ್ಯನಂತೇನೂ ಕಾಣಲಿಲ್ಲ, ದಣಿದಿದ್ದ, ಅಷ್ಟೆ. ಕತ್ತೆತ್ತಿ ಅಲ್ಜೀರಾಳನ್ನೇ ಕೇಳಿದ: "ಏನಜ್ಜೀ, ಇದೇ ಮೀಟರು ತಾನೆ ಮೇಲಕ್ಕೂ? ಎಲ್ಲ ಒಂದೇ ಮನೆ?"

"ಒಂದೇ ಸ್ವಾಮಿ" ಎಂದಳು ಅಲ್ಜೀರಾ, ಮೀಟರೆಂಬ ಮಾತು ಕಿವಿಗೆ ಬಿದ್ದ ತಕ್ಷಣ. ಮುಖ ಗಟ್ಟಿಯಾಗಿ, ಕಣ್ಣು ಮಿಟುಕಿಸದೆ. "ಮೇಲೂ ನಾವೇ." ಹೇಳಿ, ಚೆನ್ನಾಗಿ ಹೇಳಿದೆನಲ್ಲವೇ ಎಂಬಂತೆ ಜುಸ್ಸಾರಾಳ ಕಡೆ ನೋಡಿದಳು.

ದಾಲ್ವಾ ಟೀವಿಯನ್ನು ಇನ್ನಷ್ಟು ಬಿಗಿಯಾಗಿ ತಬ್ಬಿಕೊಂಡಳು. ಅವಳ ಕಣ್ಣು ಮಗಳನ್ನು ಬೇಡಿಕೊಳ್ಳುತ್ತಿತ್ತು. ಇಲಿ ಓಡಾಡುವ ಅಡುಗೆಮನೆ, ಗಾಡಿಯ ನೀರು, ಬಗ್ಗದ ಮಂಡಿ, ಪರರ ಮನೆಯ ಹಿಂದಿನ ಕೋಣೆಯಲ್ಲಿ ಕಳೆದ ವರುಷಗಳು, ಎಲ್ಲವೂ ಆ ಕಣ್ಣಿನಲ್ಲಿದ್ದವು. ಅದೂ ಸುಳ್ಳಲ್ಲ. ಜಾಕೆಟ್ಟಿನವನು ಬೀಗದ ಕೈಯನ್ನು ಉಂಗುರದಿಂದ ಬಿಡಿಸತೊಡಗಿದ.

"ಎರಡು" ಎಂದಳು ಜುಸ್ಸಾರಾ.

ಯಂತ್ರದ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ. ಅವಳು ಮುಂದೆ ಹೋಗಿ ಅವನ ತೋಳು ಹಿಡಿದಳು. ಜೀವಮಾನದಲ್ಲಿ ಅವಳು ಯಾವ ಅಪರಿಚಿತನನ್ನೂ ಮುಟ್ಟಿರಲಿಲ್ಲ.

"ಎರಡು ಮನೆ. ಮೇಲಿರೋದು ಅವರ ಮನೆ. ಒಂದೇ ಅಂತ ನಿಮಗೆ ಹೇಳಿದ್ದು ನಾನು. ಸುಳ್ಳು ಹೇಳ್ದೆ. ತಂತಿ ಒಂದೇ, ಮನೆ ಎರಡು."

"ಬಾಯ್ಮುಚ್ಚೇ" ಎಂದಳು ಅಲ್ಜೀರಾ ಮೆಟ್ಟಿಲಿಂದ. "ಮೀಟರಿನೋನ ಮುಂದೆ ಏನು ಹೇಳ್ತಿದೀಯಾ!"

"ಅವರು ಮೀಟರಿನೋರಲ್ಲ ದೋನಾ! ನಿಮ್ಮನೆ ಅಳೆಯೋಕೆ ಯಾರೂ ಬರ್ತಿರ್ಲಿಲ್ಲ. ನಾನು ಒಂದೇ ಅಂದಿದ್ದೆ. ಇವತ್ತೇ ಒಡೀತಾರೆ, ಈಗ್ಲೇ."

ಅಲ್ಜೀರಾ ಒಂದು ಮೆಟ್ಟಿಲು ಇಳಿದಳು. ಜುಸ್ಸಾರಾಳನ್ನು ನೋಡಿದಳು, ಆಮೇಲೆ ದಾಲ್ವಾಳನ್ನು ನೋಡಿದಳು, ಗಾಡಿಯನ್ನು ನೋಡಿದಳು. ಮುಖದಲ್ಲಿ ಎಲ್ಲೋ ಒಂದು ದೀಪ ಆರಿದಂತೆ ಕಂಡಿತು. ತಿರುಗಿ ಮೆಟ್ಟಿಲು ಹತ್ತಿ ಒಳಗೆ ಹೋದಳು.

ಜಾಕೆಟ್ಟಿನವನು ಬೀಗದ ಕೈಯನ್ನು ಮತ್ತೆ ಉಂಗುರಕ್ಕೆ ಸೇರಿಸಿದ. "ಎರಡಾದ್ರೆ ಇದು ನಿಮಗಲ್ಲ. ಎರಡು ಕೋಣೇದು ಒಟ್ಟು ಮನೆಗೆ ಕೊಟ್ಟಿದ್ದು. ಎಲ್ಲ ಹೊಸದಾಗಿ ನೋಡ್ಬೇಕು. ಯಾವಾಗ ಅಂತ ನಾನು ಹೇಳೋಕಾಗಲ್ಲ. ಸಿಗತ್ತೆ ಅಂತಾನೂ ಹೇಳಲ್ಲ" ಎಂದ. ಯಂತ್ರದವನಿಗೆ ಕೈಯಾಡಿಸಿದ. ಕೊಕ್ಕು ಒದರಿಕೊಂಡು ಇನ್ನೊಂದು ಪಕ್ಕದ ಮನೆಯ ಕಡೆ ತಿರುಗಿತು. ದಾಲ್ವಾ ಟೀವಿಯನ್ನು ಮಣ್ಣಿನ ಮೇಲಿಟ್ಟು ಅದರ ಪಕ್ಕದಲ್ಲೇ ಕಾಲು ನೀಡಿ ಕೂತುಬಿಟ್ಟಳು. ಮಗಳನ್ನು ಬೈಯಲಿಲ್ಲ. "ನಿನಗೆ ಮಾತು ಬರತ್ತೆ ಅಂತ ಗೊತ್ತೇ ಇರ್ಲಿಲ್ಲ" ಎಂದಳು, ಅಷ್ಟೆ. ಅದು ಬೈಗುಳಕ್ಕಿಂತ ಆಳಕ್ಕಿಳಿಯಿತು. ಹೇಳಿದ ಮೇಲೆ ಎದೆ ಹಗುರವಾಗುತ್ತದೆಂದು ಜುಸ್ಸಾರಾ ನಂಬಿದ್ದಳು. ಹಗುರವಾಗಲಿಲ್ಲ. ಒಬ್ಬಳಿಂದ ತೆಗೆದ ಭಾರವನ್ನು ಇನ್ನೊಬ್ಬಳ ಮಡಿಲಿಗೆ ಹಾಕಿದ್ದಾಯಿತು, ತನ್ನ ಕೈ ಮಾತ್ರ ಇನ್ನೂ ತುಂಬಿಯೇ ಇದೆ.

"ಬಾರಮ್ಮ, ಬಾಯಿಬಿಟ್ಟೋಳು ನೀನೇ, ನೀನೇ ಹಿಡಿ" ಎಂದು ಅವನು ಅಳತೆಯ ಪಟ್ಟಿಯ ತುದಿಯನ್ನು ಅವಳ ಕೈಗಿತ್ತ. "ಬಂದಿರೋವಾಗ್ಲೇ ಅಳೆದು ಹೋಗ್ತೀನಿ. ಆ ಗೋಡೆ ಮುಟ್ಟಿಸಿ ಹಿಡ್ಕೋ."

ಬಾಗಿಲು ತೆರೆದೇ ಇತ್ತು. ಆದರೂ ಜುಸ್ಸಾರಾ ಹೊಸ್ತಿಲಲ್ಲಿ ನಿಂತು ಬೆರಳಿನಿಂದ ಮೆಲ್ಲಗೆ ತಟ್ಟಿದಳು. ಆಮೇಲೆ ಹೊಸ್ತಿಲು ದಾಟಿದಳು. ಒಳಗೆ ಹೊಸ ಸುಣ್ಣದ ವಾಸನೆ. ಅಲ್ಜೀರಾ ಮಂಚದ ಮೇಲೆ ಗೋಡೆಯ ಕಡೆ ಮುಖ ಮಾಡಿ ಕೂತಿದ್ದಳು. ಜುಸ್ಸಾರಾ ನೆಲದ ಮೇಲೆ ಮಂಡಿಯೂರಿ, ಪಟ್ಟಿಯ ತುದಿ ಹಿಡಿದು ಮುಂದೆ ಸರಿದಳು. ಮಂಚದ ಹತ್ತಿರ ಬಂದಾಗ ಮುದುಕಿಯ ಪಾದಗಳು ಅಡ್ಡವಾದವು. ಪಾದಗಳನ್ನು ಮುಟ್ಟುವ ಧೈರ್ಯವಾಗಲಿಲ್ಲ. ಹೊರಗಿನಿಂದ ಅವನು ಪಟ್ಟಿಯನ್ನು ಒಮ್ಮೆ ಜಗ್ಗಿದ. ಆಗ ಅಲ್ಜೀರಾ, ನೆಲ ಒರೆಸುವವರಿಗೆ ದಾರಿ ಕೊಡುವಂತೆ, ಎರಡೂ ಪಾದಗಳನ್ನು ಮೇಲಕ್ಕೆತ್ತಿ ಹಿಡಿದಳು. ಜುಸ್ಸಾರಾ ಮಂಚದ ಕಾಲಿಗೆ ಪಟ್ಟಿಯನ್ನು ಒತ್ತಿ ಹಿಡಿದಳು.

"ಅಲ್ಲಿಗೇ ಯಾಕೆ ನಿಲ್ಲಿಸ್ದೆ?" ಅಲ್ಜೀರಾ ಗೋಡೆಗೇ ಹೇಳಿದಳು. "ಮೂಲೆ ತನಕ ಹಿಡಿ. ಮಂಚದ ಕೆಳಗೂ ನನ್ನದೇ."